ನಿಂತ ಬೈಕಿನಲ್ಲಿ 42 ಮಿಲಿಆಂಪ್

ಬೈಕಿನ ಬ್ಯಾಟರಿ ಪದೇ ಪದೇ ಸಾಯುತ್ತಿದ್ದರೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಹೊಸ ಬ್ಯಾಟರಿ ಹಾಕಿಸುತ್ತಾರೆ. ಅದೂ ಸತ್ತರೆ ಗ್ಯಾರೇಜಿಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿಸಿ ಚಾರ್ಜಿಂಗ್ ನೋಡಿಸುತ್ತಾರೆ. ಚಾರ್ಜಿಂಗ್ ಸರಿ ಇದೆ ಅಂತ ಗೊತ್ತಾದರೆ ಅನುಮಾನ ತಿರುಗಿ ಬ್ಯಾಟರಿ ಮೇಲೆಯೇ ಬರುತ್ತದೆ. ಗಾಡಿ ಆಫ್ ಆಗಿ, ಕೀಲಿ ಜೇಬಿನಲ್ಲಿದ್ದಾಗ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೊರಗೆ ಹೋಗುತ್ತಿದೆ ಅಂತ ಅಳೆದು ನೋಡುವವರು ತುಂಬಾ ಕಡಿಮೆ. ಅದಕ್ಕೆ ಬೇಕಾದದ್ದು ಒಂದು ಸಾದಾ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ, ಅಷ್ಟೇ. ಆ ಒಂದು ಅಳತೆ ಆಗದೆ ಬಹುಶಃ ಒಳ್ಳೆಯದೇ ಇದ್ದ ಒಂದು ಬ್ಯಾಟರಿ ಗುಜರಿಗೆ ಹೋಯಿತು, ಇನ್ನೊಂದು ಹೋಗುವುದರಲ್ಲಿತ್ತು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ ನನ್ನ ಚಿಕ್ಕಮ್ಮನ ಮಗನದು. 150 ಸಿಸಿ, 2021ರ ಮಾಡೆಲ್, ಬಿಎಸ್-6, ಫ್ಯೂಯೆಲ್ ಇಂಜೆಕ್ಷನ್. ಕಿಕ್ಕರ್ ಇಲ್ಲ. ಬ್ಯಾಟರಿ 12 ವೋಲ್ಟ್, 8 ಆಂಪಿಯರ್-ಅವರ್ (ಅಂದರೆ ಲೆಕ್ಕಕ್ಕೆ ಒಂದು ಆಂಪ್‌ನಂತೆ ಎಂಟು ಗಂಟೆ ಕೊಡುವಷ್ಟು), ನೀರು ಹಾಕುವ ಕೆಲಸವಿಲ್ಲದ ಸೀಲ್ಡ್ ಮಾದರಿ. ಅವನ ಮನೆ ಮುಂಬಯಿಯ ಭಾಂಡೂಪಿನಲ್ಲಿ. ಮುಲುಂಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಆರಕ್ಕೆಲ್ಲ ಶಟರ್ ಎತ್ತಬೇಕು. ದಾರಿ ಎಲ್‌ಬಿಎಸ್ ಮಾರ್ಗದಲ್ಲಿ ನಾಲ್ಕೈದು ಕಿಲೋಮೀಟರ್. ಹೋಗುವಾಗ ರಸ್ತೆ ಖಾಲಿ, ಬರುವಾಗ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವುದೇ. ಹಳೆಯ ಬ್ಯಾಟರಿ ಕೈಕೊಟ್ಟಿತು ಅಂತ ಹೊಸದು ಹಾಕಿಸಿದ್ದ. ಅದೂ ಅದೇ ಚಾಳಿ ಶುರು ಮಾಡಿತು. ವಾರಂಟಿ ಅಂತ ಅಂಗಡಿಗೆ ಒಯ್ದರೆ ಅವರು ಚಾರ್ಜಿಗೆ ಹಾಕಿ, ಮಾರನೇ ದಿನ "ಬ್ಯಾಟರಿ ಓಕೆ ಇದೆ" ಅಂತ ವಾಪಸ್ ಕೊಟ್ಟರು. ಅವರು ಹೇಳಿದ್ದು ನಿಜವೇ. ಬ್ಯಾಟರಿ ಓಕೆ ಇತ್ತು.

"ಅಣ್ಣ, ಬ್ಯಾಟ್ರಿ ಮತ್ತೆ ಹೋಯ್ತ್ ಕಾಣ್. ಈ ಸಲ ದೊಡ್ಡದೇ ಹಾಕ್ಸಲಾ?" ಅಂತ ಫೋನ್ ಮಾಡಿದ.

ಬೇಡ ಅಂದೆ. ಮೊದಲು ಒಂದು ಪ್ರಶ್ನೆ ಕೇಳಿದೆ: ದಿನಾ ಓಡಿಸುವಾಗ ಸಾಯುತ್ತದೋ, ನಿಲ್ಲಿಸಿ ಇಟ್ಟಾಗ ಸಾಯುತ್ತದೋ? ಇದು ಸಣ್ಣ ಪ್ರಶ್ನೆ, ಆದರೆ ಅರ್ಧ ಕೆಲಸ ಇದರಲ್ಲೇ ಮುಗಿಯುತ್ತದೆ. ಓಡಿಸುತ್ತಿರುವಾಗಲೇ ದಿನದಿಂದ ದಿನಕ್ಕೆ ಸೆಲ್ಫ್ ಸೊರಗುತ್ತಾ ಬಂದರೆ ಚಾರ್ಜಿಂಗ್ ಕಡೆ ನೋಡಬೇಕು. ದಿನಾ ಓಡಿಸಿದರೆ ಹೇಗೋ ನಡೆಯುತ್ತದೆ, ಎರಡು ಮೂರು ದಿನ ನಿಲ್ಲಿಸಿದರೆ ಮಾತ್ರ ಎದ್ದೇಳುವುದಿಲ್ಲ ಅಂತಾದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಅವನು ಸ್ವಲ್ಪ ಯೋಚಿಸಿ ಹೇಳಿದ: ಊರಿಗೆ ಹೋಗಿ ಬಂದಾಗೆಲ್ಲ ಸತ್ತಿರುತ್ತದೆ. ಮತ್ಸ್ಯಗಂಧ ರೈಲು ಇಳಿದು ಮನೆಗೆ ಬಂದು ಸೆಲ್ಫ್ ಒತ್ತಿದರೆ ಬರೀ ಕಟ್ ಕಟ್ ಸದ್ದು.

ಆ ಕಟ್ ಕಟ್ ಸದ್ದು ಸ್ಟಾರ್ಟರ್ ರಿಲೇಯದು, ಅಂದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಿನದು. ರಿಲೇ ಕೂಡುತ್ತದೆ, ಮೋಟಾರಿಗೆ ಕರೆಂಟ್ ಹರಿಯಲು ಶುರುವಾದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಕೂಡುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಇಷ್ಟಾದರೂ ಕಿಕ್ ಹೊಡೆದು ಹೊರಟುಬಿಡಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಓಡಲಿಕ್ಕೂ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಏಳಲಿಕ್ಕೂ ಬ್ಯಾಟರಿಯೇ ಬೇಕು. ಪೂರ್ತಿ ಸತ್ತ ಬ್ಯಾಟರಿ ಇಟ್ಟುಕೊಂಡು ಎಷ್ಟು ತಳ್ಳಿದರೂ ಪ್ರಯೋಜನ ಕಡಿಮೆ. ಹಾಗಾಗಿ ಇವತ್ತಿನ ಬೈಕುಗಳಲ್ಲಿ ಬ್ಯಾಟರಿಯ ಆರೋಗ್ಯಕ್ಕೆ ಮೊದಲಿಗಿಂತ ಜಾಸ್ತಿ ಬೆಲೆ.

ಮೊದಲ ಕೆಲಸ, ಬ್ಯಾಟರಿ ಬಿಚ್ಚಿ ಮನೆಗೆ ತಂದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಯಾಕೆಂದರೆ ಗಾಡಿಯ ಚಾಸಿಯೇ ಮೈನಸ್. ಮೈನಸ್ ಬಿಚ್ಚದೆ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ, ಅದು ಜಾರಿ ಫ್ರೇಮಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ಬಿಚ್ಚಿಟ್ಟಿದ್ದರೆ ತಾಗಿದರೂ ಏನೂ ಆಗುವುದಿಲ್ಲ.

ಟರ್ಮಿನಲ್ ವೋಲ್ಟೇಜ್ 11.6 ಇತ್ತು. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದು ಸುಮಾರು 2.1 ವೋಲ್ಟ್. ತುಂಬಿದ ಬ್ಯಾಟರಿ ಕೆಲವು ಗಂಟೆ ಸುಮ್ನೆ ಇಟ್ಟ ಮೇಲೆ 12.6ರಿಂದ 12.8 ತೋರಿಸಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಸುಮಾರು ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಅಂತ ಲೆಕ್ಕ. 11.6 ಅಂದರೆ ತಳ ಕಂಡಿದೆ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿ ಇದೆ" ಅಂತ ಹೇಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಸರಿ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೆಚ್ಚು ದಿನ ಇಟ್ಟರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಹರಳು ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಬ್ಯಾಟರಿ ನಿಜವಾಗಿ ಹಾಳಾಗುವುದು ಹಾಗೆ. ಅಂದರೆ ಸೋರಿಕೆ ಬೇರೆ ಎಲ್ಲೋ ಇದ್ದರೂ, ಪೆಟ್ಟು ಬೀಳುವುದು ಬ್ಯಾಟರಿಗೆ.

0.8 ಆಂಪಿನಲ್ಲಿ ಚಾರ್ಜಿಗೆ ಇಟ್ಟೆ. ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಡುವುದು ಹಳೆಯ, ನಂಬಬಹುದಾದ ರೂಢಿ. ಅವಸರಕ್ಕೆ ಕಾರಿನ ಚಾರ್ಜರ್ ಹಾಕಿ ಬಿಸಿ ಮಾಡಬಾರದು, ಅದರಲ್ಲೂ ಸೀಲ್ಡ್ ಬ್ಯಾಟರಿಗೆ. ರಾತ್ರಿಯಿಡೀ ಚಾರ್ಜ್ ಆಗಿ, ತೆಗೆದು, ಮಧ್ಯಾಹ್ನದ ತನಕ ಬಿಟ್ಟು ನೋಡಿದರೆ 12.74. ಮಾರನೇ ದಿನ, ಯಾವ ವೈರೂ ಇಲ್ಲದೆ ಟೇಬಲ್ ಮೇಲೆ ಇಟ್ಟಿದ್ದು, 12.71. ಗಾಡಿಗೆ ಹಾಕಿ ಸೆಲ್ಫ್ ಒತ್ತುವಾಗ ಮೀಟರ್ ನೋಡಿದೆ. 10.6ಕ್ಕೆ ಇಳಿದು ಮೇಲೆ ಬಂತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಇದು ಆರಾಮಾಗಿತ್ತು. ಬ್ಯಾಟರಿಯ ತಪ್ಪಿಲ್ಲ ಅಂತ ಅಲ್ಲಿಗೆ ತೀರ್ಮಾನ.

ಆಮೇಲೆ ಚಾರ್ಜಿಂಗ್. ಮೀಟರನ್ನು ಡಿಸಿ ವೋಲ್ಟಿನಲ್ಲಿ ಇಟ್ಟು ಬ್ಯಾಟರಿ ಟರ್ಮಿನಲ್‌ಗೇ ಹಿಡಿದೆ. ಐಡಲಿಂಗಿನಲ್ಲಿ, ಹೆಡ್‌ಲೈಟ್ ಉರಿಯುತ್ತಿರುವಾಗ, 13.1. ಐದು ಸಾವಿರ ಆರ್‌ಪಿಎಮ್‌ಗೆ ಏರಿಸಿದಾಗ 14.1. ಹದಿಮೂರು ಮುಕ್ಕಾಲಿನಿಂದ ಹದಿನಾಲ್ಕು ಮುಕ್ಕಾಲಿನ ಒಳಗೆ ಇದ್ದರೆ ಒಳ್ಳೆಯದು. 15 ದಾಟಿದರೆ ಬ್ಯಾಟರಿ ಕುದಿಯುತ್ತದೆ. ಇಲ್ಲಿ ಎಲ್ಲ ಸರಿಯಾಗಿತ್ತು. ಗ್ಯಾರೇಜಿನವರು ಇದೇ ಅಳತೆ ನೋಡಿ "ಚಾರ್ಜಿಂಗ್ ಚೆನ್ನಾಗಿದೆ" ಅಂದಿದ್ದರು. ಅವರೂ ಹೇಳಿದ್ದು ನಿಜ.

ಆದರೂ ಮುಂಬಯಿಯ ಓಡಾಟದ ಬಗ್ಗೆ ಒಂದು ಮಾತು ಇಲ್ಲಿ ಸೇರಿಸಬೇಕು. 2017ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗಿಯೇ ಉರಿಯಬೇಕು, ಆಫ್ ಮಾಡುವ ಸ್ವಿಚ್ಚೇ ಇಲ್ಲ. 35 ವಾಟ್ ಬಲ್ಬ್ ಅಂದರೆ ಸುಮಾರು ಮೂರು ಆಂಪ್. ಜೊತೆಗೆ ಪೆಟ್ರೋಲ್ ಪಂಪ್, ಇಸಿಯು, ಬ್ರೇಕ್ ಲೈಟ್. ಸಿಗ್ನಲ್ಲಿನಲ್ಲಿ ನಿಂತು ಐಡಲ್ ಹೊಡೆಯುವಾಗ, ಎಂಜಿನ್ ತಿರುಗಿದಂತೆ ಕರೆಂಟ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ಕರೆಂಟು ಇವುಗಳಿಗೇ ಸರಿಹೋಗುತ್ತದೆ. ಬ್ಯಾಟರಿಗೆ ಮಿಗುವುದು ಗಾಡಿ ಸ್ವಲ್ಪ ಓಟ ಹಿಡಿದಾಗ ಮಾತ್ರ. ಅವನ ಒಂದು ಕಡೆಯ ಪ್ರಯಾಣ ಹತ್ತು ಹದಿನೈದು ನಿಮಿಷ. ಅದರಲ್ಲಿ ಬ್ಯಾಟರಿಗೆ ಒಳ್ಳೆಯ ಲೆಕ್ಕದಲ್ಲಿ ಅರ್ಧ ಆಂಪಿಯರ್-ಅವರ್ ಸೇರಬಹುದು. ದಿನಕ್ಕೆ ಎರಡು ಕಡೆ ಸೇರಿ ಒಂದು. ಈ ಒಂದು ಅನ್ನುವ ಅಂಕಿ ನೆನಪಿರಲಿ.

ಕಾಯಿಲ್ ಪರೀಕ್ಷೆ ಬೇಗ ಮುಗಿಯಿತು. ಮೂರು ಹಳದಿ ವೈರುಗಳ ನಡುವೆ ಓಮ್ ಒಂದೇ ಸಮ, ಯಾವ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಇಲ್ಲ, ಎಂಜಿನ್ ಏರಿಸಿದರೆ ಮೂರರಲ್ಲೂ ಎಸಿ ವೋಲ್ಟೇಜ್ ಸಮನಾಗಿ ಏರುತ್ತದೆ. ಅರ್ಥ್ ವೈರೂ ಪಾಸ್: ಸೆಲ್ಫ್ ಒತ್ತುವಾಗ ಬ್ಯಾಟರಿ ಮೈನಸ್ಸಿಗೂ ಎಂಜಿನ್ ಬಾಡಿಗೂ ನಡುವೆ 0.2 ವೋಲ್ಟಿಗಿಂತ ಕಡಿಮೆ.

ಇನ್ನು ಉಳಿದಿದ್ದು ನಿಂತ ಗಾಡಿಯ ಅಳತೆ. ಇದನ್ನು ಮಾಡುವ ಕ್ರಮವನ್ನು ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಆತುರ ಪಟ್ಟವರ ಮೀಟರುಗಳೇ ಸುಡುವುದು.

ಕೀಲಿ ತೆಗೆದು ದೂರ ಇಟ್ಟೆ. ಪಕ್ಕದಲ್ಲಿದ್ದವರು ಅಭ್ಯಾಸಬಲದಿಂದ ಕೀಲಿ ತಿರುಗಿಸಿಬಿಟ್ಟರೆ ಕಷ್ಟ. ಮೀಟರಿನ ಕೆಂಪು ವೈರನ್ನು 10 ಆಂಪ್ ಸಾಕೆಟ್ಟಿಗೆ ಹಾಕಿದೆ. ಎಷ್ಟೇ ಸಣ್ಣ ಸೋರಿಕೆ ಅನ್ನಿಸಿದರೂ ಮೊದಲು 10 ಆಂಪ್‌ನಲ್ಲೇ ಶುರು ಮಾಡಬೇಕು. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೆಂಪು ಕ್ಲಿಪ್ಪನ್ನು ಕೇಬಲ್ಲಿಗೆ, ಕಪ್ಪು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ. ಈಗ ಗಾಡಿಯಿಂದ ವಾಪಸ್ ಬರುವ ಕರೆಂಟೆಲ್ಲ ಮೀಟರಿನ ಒಳಗಿಂದಲೇ ಹೋಗಬೇಕು. ಈ ಸ್ಥಿತಿಯಲ್ಲಿ ಇಗ್ನಿಷನ್ ಆನ್ ಮಾಡಬಾರದು, ಸೆಲ್ಫಂತೂ ಮುಟ್ಟಲೇಬಾರದು. ಸೆಲ್ಫ್ ಹತ್ತಾರು ಆಂಪ್ ಎಳೆಯುತ್ತದೆ. ಒಳ್ಳೆಯ ಮೀಟರಾದರೆ ಒಳಗಿನ ಫ್ಯೂಸ್ ಹೋಗುತ್ತದೆ. ಅಗ್ಗದ ಕೆಲವು ಮೀಟರುಗಳಲ್ಲಿ ಆ ಸಾಕೆಟ್ಟಿಗೆ ಫ್ಯೂಸೇ ಇರುವುದಿಲ್ಲ, ವೈರೇ ಸುಡುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಮೀಟರ್ ಕೊಳ್ಳುವಾಗ 10 ಆಂಪ್ ಸಾಕೆಟ್ಟಿನ ಪಕ್ಕ ಏನು ಬರೆದಿದೆ ಅಂತ ಓದಿ ತೆಗೆದುಕೊಳ್ಳಿ. ಫ್ಯೂಸ್ ಇಲ್ಲದ್ದಕ್ಕೆ ಅದನ್ನು ಅಲ್ಲೇ ಮುದ್ರಿಸಿರುತ್ತಾರೆ.

ಕನೆಕ್ಟ್ ಆದ ಕೂಡಲೇ ಅಂಕಿ ಒಂದು ಕ್ಷಣ ಜಾಸ್ತಿ ತೋರಿಸುತ್ತದೆ. ಇಸಿಯು, ಮೀಟರ್ ಕನ್ಸೋಲ್ ಒಳಗಿನ ಕೆಪಾಸಿಟರುಗಳು ತುಂಬುವ ಹೊತ್ತು ಅದು. ಒಂದೆರಡು ನಿಮಿಷ ಬಿಟ್ಟೆ. ನಿಂತ ಅಂಕಿ 0.04. ಭಾರೀ ಏನಿಲ್ಲ ಅಂತ ಖಚಿತವಾದ ಮೇಲೆ ಮಿಲಿಆಂಪ್ ಸಾಕೆಟ್ಟಿಗೆ ಬದಲಿಸಿದೆ. 42.

ಈ ತರದ ಗಾಡಿಯಲ್ಲಿ ಗಡಿಯಾರ ಮತ್ತು ಇಸಿಯು ನೆನಪಿಗೆ ಒಂದೆರಡು ಮಿಲಿಆಂಪ್ ಹೋಗುವುದು ಸಹಜ. 42 ಸಹಜವಲ್ಲ. ಲೆಕ್ಕ ಹಾಕಿ ನೋಡಿ: 42 ಮಿಲಿಆಂಪ್, 24 ಗಂಟೆ, ಸರಿಸುಮಾರು ಒಂದು ಆಂಪಿಯರ್-ಅವರ್. ದಿನಕ್ಕೆ ಬರುವುದು ಒಂದು, ದಿನಕ್ಕೆ ಹೋಗುವುದು ಒಂದು. ಮುಂಬಯಿಯ ಬಿಲ್ಡಿಂಗುಗಳಲ್ಲಿ ನೀರು ಬರುವ ಒಂದೆರಡು ಗಂಟೆಯಲ್ಲಿ ತುಂಬಿದ ಟ್ಯಾಂಕು, ಎಲ್ಲೋ ಒಂದು ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಾ ಮಾರನೇ ಬೆಳಿಗ್ಗೆಗೆ ಖಾಲಿಯಾಗುತ್ತದಲ್ವಾ, ಹಾಗೆ. ದಿನಾ ಓಡಿಸಿದರೆ ಸರಿದೂಗುತ್ತದೆ. ನಾಲ್ಕು ದಿನ ನಿಲ್ಲಿಸಿದರೆ 8ರಲ್ಲಿ 4 ಹೋಯಿತು. ವಾರ ನಿಲ್ಲಿಸಿ ಊರಿಗೆ ಹೋದರೆ ತಳ ಕಾಣುತ್ತದೆ. ಅವನು ಹೇಳಿದ ಲಕ್ಷಣಕ್ಕೂ ಈ ಅಂಕಿಗೂ ಸರಿಯಾಗಿ ತಾಳೆ ಬಿತ್ತು. ಸೆಲ್ಫ್ ಜಾಸ್ತಿ ಒತ್ತುವುದರಿಂದ ಬ್ಯಾಟರಿ ಇಳಿಯುತ್ತದೆ ಅಂತ ಅವನಿಗೆ ಯಾರೋ ಹೇಳಿದ್ದರು. ಸೆಲ್ಫ್ ಎಳೆಯುವುದು ಜೋರು ನಿಜ, ಆದರೆ ಒಂದೆರಡು ಸೆಕೆಂಡು ಮಾತ್ರ. ಆಂಪಿಯರ್-ಅವರ್ ಲೆಕ್ಕದಲ್ಲಿ ಅದು ತೀರಾ ಅಲ್ಪ. ದಿನವಿಡೀ ಸದ್ದಿಲ್ಲದೆ ಹೋಗುವ 42 ಮಿಲಿಆಂಪ್ ಅದರ ಎಷ್ಟೋ ಪಟ್ಟು.

ಈಗ ಹುಡುಕಾಟ. ಮೀಟರನ್ನು ಹಾಗೇ ಬಿಟ್ಟು, ಒಂದೊಂದನ್ನೇ ಬಿಚ್ಚುತ್ತಾ ಅಂಕಿ ನೋಡುವುದು. ಮೊದಲ ಅನುಮಾನ ಹ್ಯಾಂಡಲ್ ಮೇಲಿನ ಯುಎಸ್‌ಬಿ ಚಾರ್ಜರ್ ಮೇಲೆ. ಹೊರಗಿನಿಂದ ಹಾಕಿಸಿದ ಸಾಮಾನಿನ ಮೇಲೆ ಮೊದಲು ಕಣ್ಣಿಡಬೇಕು: ಮೊಬೈಲ್ ಚಾರ್ಜರ್, ಟ್ರ್ಯಾಕರ್, ಅಲಾರಂ, ಫಾಗ್ ಲ್ಯಾಂಪ್. ಇವನ್ನು ಹಾಕುವವರು ಬೇಗ ಮುಗಿಯಲಿ ಅಂತ ನೇರ ಬ್ಯಾಟರಿಗೇ ಜೋಡಿಸಿಬಿಡುತ್ತಾರೆ. ಇಲ್ಲೂ ಹಾಗೇ ಆಗಿತ್ತು. ಅದರ ವೈರ್ ಬಿಚ್ಚಿದೆ. 42 ಇದ್ದದ್ದು 37ಕ್ಕೆ ಇಳಿಯಿತು. ಅಂದರೆ ಫೋನ್ ಸಿಕ್ಕಿಸದೇ ಇದ್ದರೂ ಆ ಪುಟ್ಟ ಚಾರ್ಜರ್ ಹಗಲೂ ರಾತ್ರಿ 5 ಮಿಲಿಆಂಪ್ ತಿನ್ನುತ್ತಿತ್ತು. ತಪ್ಪು ಅದರದ್ದೂ ಇದೆ, ಆದರೆ ದೊಡ್ಡ ಪಾಲು ಬೇರೆ ಕಡೆ.

ಇಲ್ಲಿಗೆ ನಿಲ್ಲಿಸುವುದು ಸುಲಭವಿತ್ತು. ಯುಎಸ್‌ಬಿ ಸಿಕ್ಕಿತು, ಮುಗಿಯಿತು ಅಂತ ಸೀಟ್ ಮುಚ್ಚಿಬಿಡಬಹುದಿತ್ತು. ಅದಕ್ಕೇ ಅಂಕಿ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಕೊನೆಯ ತನಕ ನೋಡಬೇಕು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಹಾರ್ನ್, ಲೈಟ್, ಇಂಜೆಕ್ಷನ್. ಅಂಕಿ ಹೆಚ್ಚೂಕಡಿಮೆ ಅಲ್ಲೇ. ಮುಖ್ಯ ಫ್ಯೂಸ್ ಕಿತ್ತಾಗ ಸೊನ್ನೆ. ಅಂದರೆ ಸೋರಿಕೆ ಮುಖ್ಯ ಫ್ಯೂಸಿನ ಆಚೆ, ಆದರೆ ಸಣ್ಣ ಫ್ಯೂಸುಗಳ ಈಚೆ. ಆ ನಡುವೆ ಇರುವುದು ಕಡಿಮೆ ಸಾಮಾನು: ಕೀಲಿಯ ಸ್ವಿಚ್, ಸ್ಟಾರ್ಟರ್ ರಿಲೇ, ಮತ್ತು ರೆಕ್ಟಿಫೈಯರ್ ರೆಗ್ಯುಲೇಟರ್. ಗ್ಯಾರೇಜ್ ಭಾಷೆಯಲ್ಲಿ ಆರ್‌ಆರ್ ಯೂನಿಟ್. ಕಾಯಿಲ್‌ನಿಂದ ಬರುವ ಎಸಿಯನ್ನು ಡಿಸಿ ಮಾಡಿ, ಹದಿನಾಲ್ಕು ಚಿಲ್ಲರೆ ವೋಲ್ಟಿಗೆ ಹಿಡಿದಿಡುವ, ರೆಕ್ಕೆ ರೆಕ್ಕೆ ಇರುವ ಅಲ್ಯೂಮಿನಿಯಂ ಡಬ್ಬಿ. ಅದರ ಪ್ಲಸ್ ವೈರ್ ಕೀಲಿಯ ಹಂಗಿಲ್ಲದೆ ಸದಾ ಬ್ಯಾಟರಿಗೆ ಜೋಡಿಸಿಕೊಂಡೇ ಇರುತ್ತದೆ. ಹಾಗಾಗಿ ಅದು ಸೋರಿದರೆ ಕೀಲಿ ತೆಗೆದರೂ ಸೋರುತ್ತಲೇ ಇರುತ್ತದೆ.

ಅದಕ್ಕೆ ಎರಡು ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಗ್ಗು. ಕಾಯಿಲ್ ಕಡೆಯದು ಮೂರು ಹಳದಿ ವೈರಿನದು, ಅದನ್ನು ಬಿಚ್ಚಿದೆ. 37 ಹಾಗೇ ಇತ್ತು. ಬ್ಯಾಟರಿ ಕಡೆಯದನ್ನು ಬಿಚ್ಚಿದೆ.

2.

ಸಿಕ್ಕಿತು ಅಂತ ಹೇಳುವ ಮೊದಲು ಇನ್ನೊಂದು ಖಚಿತಪಡಿಸಿಕೊಳ್ಳಬೇಕಿತ್ತು. ಕಪ್ಲರಿನ ಒಳಗೆ ನೋಡಿದರೆ ಪಿನ್ನುಗಳ ಸುತ್ತ ಹಸಿರು ಪುಡಿ ಕಟ್ಟಿತ್ತು. ಪ್ಲಸ್ ಪಿನ್ನಿನ ಬುಡದಿಂದ ಮೈನಸ್ ಪಿನ್ನಿನ ತನಕ ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಬಿಳಿ ಹಸಿರು ಗೆರೆ. ಅವನ ಪಾರ್ಕಿಂಗ್ ತಗ್ಗಿನಲ್ಲಿದೆ, ಜುಲೈ ಮಳೆಗೆ ಚಕ್ರ ಅರ್ಧ ಮುಳುಗುವಷ್ಟು ನೀರು ನಿಲ್ಲುವುದುಂಟು. ಭಾಂಡೂಪಿನ ಪೂರ್ವಕ್ಕೆ ಉಪ್ಪಿನ ಗದ್ದೆ, ಅದರಾಚೆ ಥಾಣೆ ಖಾಡಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು. ಗಾಳಿಯಲ್ಲೇ ಉಪ್ಪಿದೆ. ತಾಮ್ರಕ್ಕೆ ಉಪ್ಪು ನೀರು ತಗುಲಿದರೆ ಹೀಗೇ ಹಸಿರು ಕಟ್ಟುವುದು. ಆ ಪುಡಿ ತೇವ ಹಿಡಿದಾಗ ಪಿನ್ನಿಂದ ಪಿನ್ನಿಗೆ ಕರೆಂಟ್ ದಾಟಿಸಬಲ್ಲದು. ಹಾಗಾಗಿ ಸೋರುತ್ತಿರುವುದು ಡಬ್ಬಿಯೋ ಕಪ್ಲರೋ ಅಂತ ಬೇರೆ ಮಾಡಿ ನೋಡಲೇಬೇಕು. ಹಳೆಯ ಟೂತ್‌ಬ್ರಶ್, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಚೆನ್ನಾಗಿ ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಿದೆ. 37 ಇದ್ದದ್ದು 34. ಕಪ್ಲರಿನ ಪಾಲು ಮೂರು. ಗಡಿಯಾರ, ಇಸಿಯುಗಳ 2 ಬಿಟ್ಟರೆ ಮಿಕ್ಕ 32 ಡಬ್ಬಿಯ ಒಳಗೆ.

ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮುಂದಿನದು. ಆ ಡಬ್ಬಿಯನ್ನು ಬಿಚ್ಚಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಪರೀಕ್ಷೆ ಮಾಡಿದೆ. ಮೀಟರಿನ ಡಯೋಡ್ ಗುರುತಿನಲ್ಲಿ ಇಟ್ಟು, ಪ್ರತಿ ಹಳದಿ ಪಿನ್ನಿಂದ ಪ್ಲಸ್ಸಿಗೆ, ಮೈನಸ್ಸಿಂದ ಪ್ರತಿ ಹಳದಿಗೆ. ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು, ತಿರುಗಿಸಿ ಹಿಡಿದರೆ ಏನೂ ಇಲ್ಲ. ಆರೂ ಪಾಸ್. ಗಾಡಿ ಓಡುವಾಗ ಚಾರ್ಜಿಂಗೂ ಪಾಸ್ ಆಗಿತ್ತಲ್ಲ. ಅಂದರೆ ಗ್ಯಾರೇಜಿನಲ್ಲಿ ಮಾಡುವ ಎರಡೂ ಪರೀಕ್ಷೆ ದಾಟಿದ ಡಬ್ಬಿ ಇದು. ಹಾಳಾಗಿದ್ದು ಡಯೋಡ್ ಅಲ್ಲ. ಪ್ಲಸ್ಸಿಂದ ಮೈನಸ್ಸಿಗೆ, ವೋಲ್ಟೇಜ್ ಹಿಡಿದಿಡುವ ಸರ್ಕಿಟ್ಟಿನ ಭಾಗದಲ್ಲಿ ಎಲ್ಲೋ ದಾರಿ ಆಗಿತ್ತು. ಒಳಗೆಲ್ಲ ಗಟ್ಟಿ ಅಂಟು ತುಂಬಿಸಿರುತ್ತಾರೆ, ಬಿಡಿಸಿ ನೋಡಲು ಆಗುವುದಿಲ್ಲ. ಆಂಪ್‌ಗಟ್ಟಲೆ ನಿಭಾಯಿಸುವ ಡಬ್ಬಿಗೆ 32 ಮಿಲಿಆಂಪ್ ಏನೇನೂ ಅಲ್ಲ, ಹಾಗಾಗಿ ಓಡುವಾಗ ಅದು ಕಾಣುವುದೇ ಇಲ್ಲ. ನಿಂತಾಗ ಮಾತ್ರ ಕಾಣುತ್ತದೆ.

ಬಿಸಿಯಾದಾಗ ಹೇಗಿರುತ್ತದೆ ಅಂತಲೂ ಡಬ್ಬಿ ಬಿಚ್ಚುವ ಮೊದಲೇ ನೋಡಿದ್ದೆ. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಆಫ್ ಮಾಡಿ, ತಕ್ಷಣ ಮೀಟರ್ ಹಾಕಿದರೆ 80ರ ಮೇಲೆ. ಕೈ ಇಟ್ಟರೆ ಡಬ್ಬಿ ಚುರ್ ಅನ್ನುವಷ್ಟು ಬಿಸಿ. ಅದು ಆರುತ್ತಾ ಬಂದ ಹಾಗೆ ಅಂಕಿಯೂ 70, 60, 50 ಅಂತ ಇಳಿಯುತ್ತಾ 34ರ ಹತ್ತಿರ ನಿಂತಿತು. ಬಿಸಿ ಏರಿದರೆ ಸೆಮಿಕಂಡಕ್ಟರಿನ ಸೋರಿಕೆ ಏರುತ್ತದೆ, ಅದರ ಸ್ವಭಾವವೇ ಅದು. ಬರೀ ವೈರಿನ ತೊಂದರೆಯಾಗಿದ್ದರೆ ಡಬ್ಬಿಯ ಬಿಸಿಯ ಜೊತೆ ಹೀಗೆ ಏರಿಳಿಯುತ್ತಿರಲಿಲ್ಲ. ಗಾಡಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ಅಂಕಿ ಇಳಿಯುವುದನ್ನು ನೋಡಿದ ಮೇಲೆ ಅವನಿಗೂ ನಂಬಿಕೆ ಬಂತು. ಅಲ್ಲಿಯ ತನಕ ಮನಸ್ಸಿನಲ್ಲಿ ಹೊಸ ಬ್ಯಾಟರಿಯ ಲೆಕ್ಕವೇ ಇತ್ತು.

ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗಬಹುದು, ಹೋಗಿ ಬರಲಾ ಅಂತ ಕೇಳಿದ. ಬೇರೆ ಸಾಮಾನಿಗೆ ಹೋಗು ಅನ್ನುತ್ತಿದ್ದೆ. ಇದಕ್ಕೆ ಬೇಡ ಅಂದೆ. ಈ ಡಬ್ಬಿಯ ರೋಗ ಹೊರಗಿನಿಂದ ಕಾಣುವುದಿಲ್ಲ, ಚಾರ್ಜಿಂಗ್ ಪರೀಕ್ಷೆಯಲ್ಲೂ ಕಾಣುವುದಿಲ್ಲ ಅಂತ ಈಗಷ್ಟೇ ನೋಡಿದ್ದೆವು. ಹಳೆಯ ಡಬ್ಬಿಯ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ ಹೊಸ ಒರಿಜಿನಲ್ ತಂದ. ಹೊಸ ಬ್ಯಾಟರಿಗಿಂತ ಕಡಿಮೆ ದುಡ್ಡಿಗೇ ಬಂತು.

ಗಾಡಿಗೆ ಹಾಕುವ ಮೊದಲು ಟೇಬಲ್ ಮೇಲೆಯೇ ಎರಡನ್ನೂ ಹೋಲಿಸಿ ನೋಡಿದೆ. ಬ್ಯಾಟರಿ ಪ್ಲಸ್ ಡಬ್ಬಿಯ ಪ್ಲಸ್ಸಿಗೆ, ಡಬ್ಬಿಯ ಮೈನಸ್ ಮೀಟರಿನ ಮೂಲಕ ಬ್ಯಾಟರಿ ಮೈನಸ್ಸಿಗೆ. ಹಳೆಯದು 32. ಹೊಸದು ಒಂದಕ್ಕಿಂತ ಕಡಿಮೆ. ಈ ಪರೀಕ್ಷೆ ಮಾಡುವವರು ಪ್ಲಸ್ ಮೈನಸ್ ಅದಲು ಬದಲು ಆಗದ ಹಾಗೆ ಎರಡೆರಡು ಸಲ ನೋಡಿಕೊಳ್ಳಿ. ಉಲ್ಟಾ ಕೊಟ್ಟರೆ ಒಳಗಿನ ಡಯೋಡುಗಳೇ ನೇರ ದಾರಿ ಆಗಿಬಿಡುತ್ತವೆ, ಹೊಸ ಡಬ್ಬಿ ಅಲ್ಲೇ ಸುಡುತ್ತದೆ.

ಕೂರಿಸುವಾಗ ಹಳೆಯದು ಯಾಕೆ ಹೋಯಿತು ಅನ್ನುವುದಕ್ಕೂ ಸುಳಿವು ಸಿಕ್ಕಿತು. ಡಬ್ಬಿ ಇರುವುದು ಮುಂದಿನ ಚಕ್ರದ ಹಿಂದೆ, ಕೆಳಗೆ. ಗಾಳಿ ತಗಲಲಿ ಅಂತ ಅಲ್ಲಿಟ್ಟಿರುತ್ತಾರೆ. ಆದರೆ ರೆಕ್ಕೆಗಳ ನಡುವೆ ಕೆಸರು ತುಂಬಿ ಒಣಗಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಗಾಳಿಯೇ ಆಡದಿದ್ದರೆ ಬಿಸಿ ಹೋಗುವುದೆಲ್ಲಿಂದ? ಡಬ್ಬಿ ಕೂರುವ ಪಟ್ಟಿಯನ್ನು ಸ್ಯಾಂಡ್‌ಪೇಪರ್ ಹಾಕಿ ಲೋಹ ಕಾಣುವ ತನಕ ಉಜ್ಜಿ, ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ ಬೋಲ್ಟ್ ಬಿಗಿದೆ. ಮಡ್‌ಗಾರ್ಡಿನ ತುದಿಗೆ ಹಳೆ ಟ್ಯೂಬಿನ ಒಂದು ತುಂಡು ರಬ್ಬರ್ ಸೇರಿಸಿ ಕೆಸರು ನೇರ ಎರಚದ ಹಾಗೆ ಮಾಡಿದೆ.

ಹಸಿರು ಹಿಡಿದ ಪಿನ್ನುಗಳನ್ನು ಉಳಿಸಿಕೊಳ್ಳಲಿಲ್ಲ. ಉಜ್ಜಿದರೂ ಮೇಲಿನ ಲೇಪ ಹೋಗಿರುತ್ತದೆ, ಮುಂದಿನ ಮಳೆಗೆ ಮತ್ತೆ ಅದೇ ಕತೆ. ಕಪ್ಲರ್ ಕತ್ತರಿಸಿ, ಒಳಗೆ ತಾಮ್ರ ಕಪ್ಪಾಗಿಲ್ಲದ ಜಾಗದ ತನಕ ವೈರ್ ಸುಲಿದು, ಹೊಸ ಪಿನ್ ಕ್ರಿಂಪ್ ಮಾಡಿ, ಹೊಸ ಕಪ್ಲರ್ ಹಾಕಿದೆ. ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿಸಿದೆ. ಬ್ಯಾಟರಿ ಟರ್ಮಿನಲ್ಲುಗಳಿಗೆ ಪೆಟ್ರೋಲಿಯಂ ಜೆಲ್ಲಿ. ಖಾಡಿಯ ಗಾಳಿಯಲ್ಲಿ ಗಾಡಿ ಇಡುವವರು ಮಳೆಗಾಲಕ್ಕೆ ಮುಂಚೆ ಇಷ್ಟು ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಯುಎಸ್‌ಬಿ ಚಾರ್ಜರ್ ತೆಗೆಸಿಬಿಡು ಅಂದರೆ ಅವನು ಒಪ್ಪಲಿಲ್ಲ. ಹೋಟೆಲಿನ ಆರ್ಡರುಗಳೆಲ್ಲ ಫೋನಿನಲ್ಲೇ, ಅದು ಬೇಕೇ ಬೇಕು. ಹಾಗಾಗಿ ಒಂದು ನಾಲ್ಕು ಪಿನ್ನಿನ ರಿಲೇ ಹಾಕಿದೆ. ಬ್ಯಾಟರಿ ಪ್ಲಸ್ಸಿಂದ 5 ಆಂಪ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ, 87ರಿಂದ ಚಾರ್ಜರಿಗೆ. 86ಕ್ಕೆ ಟೈಲ್ ಲ್ಯಾಂಪಿನ ವೈರಿನಿಂದ ಒಂದು ಎಳೆ, 85 ಚಾಸಿಗೆ. ಕೀಲಿ ತಿರುಗಿಸಿದರೆ ಟೈಲ್ ಲ್ಯಾಂಪಿಗೆ ಕರೆಂಟ್ ಬರುತ್ತದೆ, ರಿಲೇ ಕೂಡುತ್ತದೆ, ಚಾರ್ಜರ್ ಆನ್. ಕೀಲಿ ತೆಗೆದರೆ ಚಾರ್ಜರಿಗೆ ಬ್ಯಾಟರಿಯ ಸಂಬಂಧವೇ ಇಲ್ಲ. ರಿಲೇ, ಸಾಕೆಟ್, ಫ್ಯೂಸ್ ಹೋಲ್ಡರ್ ಮೂರೂ ಯಾವ ಆಟೊ ಎಲೆಕ್ಟ್ರಿಕ್ ಅಂಗಡಿಯಲ್ಲಾದರೂ ಸಿಗುತ್ತವೆ. ಹೊರಗಿನಿಂದ ಏನೇ ಹಾಕಿಸಿದರೂ ಹೀಗೆ ಹಾಕಿಸಿ.

ಎಲ್ಲ ಜೋಡಿಸಿ ಮತ್ತೆ ಮೀಟರ್ ಹಾಕಿದೆ. 2 ಮಿಲಿಆಂಪ್. ದಿನಕ್ಕೆ 0.05 ಆಂಪಿಯರ್-ಅವರಿಗೂ ಕಡಿಮೆ. ಈ ಲೆಕ್ಕದಲ್ಲಿ ಬ್ಯಾಟರಿ ತಾನಾಗಿ ಇಳಿಯುವ ಸ್ವಲ್ಪವನ್ನು ಸೇರಿಸಿದರೂ, ಒಂದು ತಿಂಗಳು ನಿಲ್ಲಿಸಿ ಹೋದರೆ ಬಂದು ಸೆಲ್ಫ್ ಹೊಡೆಯಲು ಅಡ್ಡಿ ಇಲ್ಲ. ಚಾರ್ಜಿಂಗ್ ಐದು ಸಾವಿರದಲ್ಲಿ 14.3.

ಆ ಮೊದಲ ಬ್ಯಾಟರಿಯ ಬಗ್ಗೆ ಮಾತ್ರ ಬೇಸರ ಉಳಿದಿದೆ. ಎಕ್ಸ್‌ಚೇಂಜಿನಲ್ಲಿ ಅಂಗಡಿಗೆ ಕೊಟ್ಟಾಗಿತ್ತು. ಕೊಟ್ಟಿದ್ದು ಸರಿಯೇ, ಸೀಸ ಮತ್ತು ಆಸಿಡ್ ಕಸದ ಡಬ್ಬಿಗೆ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಹಳೆಯದನ್ನು ವಾಪಸ್ ಸೇರಿಸುವ ಜವಾಬ್ದಾರಿಯನ್ನು ತಯಾರಕರ ಮೇಲೆ ಇಟ್ಟಿದೆ. ಆದರೆ ಅದಕ್ಕೆ ಇನ್ನೂ ಆಯುಷ್ಯ ಇತ್ತೋ ಏನೋ, ಅಳೆಯದೆ ಕೊಟ್ಟಾಯಿತು.

ಅವನು ಮೊನ್ನೆ ಕುಂದಾಪುರಕ್ಕೆ ಹೋಗಿ, ವಾರ ಕಳೆದು ಬಂದ. ಹೋಗುವ ಮೊದಲು 12.7 ಇತ್ತು ಅಂತ ಬರೆದಿಟ್ಟುಕೊಳ್ಳಲು ಹೇಳಿದ್ದೆ. ಬಂದ ದಿನ ಸೆಲ್ಫ್ ಒತ್ತುವ ಮೊದಲೇ ಮೀಟರ್ ಹಿಡಿದು ಫೋಟೊ ಕಳಿಸಿದ: 12.65. ಕಾಯಿಲ್ ಕಡೆಯ ಹಳದಿ ಕಪ್ಲರಿನಲ್ಲೂ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿದೆ. ಅದನ್ನು ಮೇ ಮುಗಿಯುವ ಮೊದಲು ಬದಲಿಸಬೇಕು.